ಓದುಗರ ಪ್ರಶ್ನೆ: ಹಳೇ ಸೈಕಲ್ಲಿಗೆ ದುಡ್ಡು ಹಾಕಬೇಕೆ, ಹೊಸದು ತರಬೇಕೆ?

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಸೈಕಲ್ ಪತ್ರಗಳಿಗೆ ಈ ಸಲ ಉತ್ತರ. ಮಾತು ಬೇರೆ ಬೇರೆಯಾದರೂ ಹೆಚ್ಚಿನವರು ಕೇಳಿದ್ದು ಒಂದೇ: ಇದ್ದದ್ದನ್ನು ಸರಿ ಮಾಡಿಸೋಣವೋ, ಹೊಸದು ತರೋಣವೋ?

ಪ್ರಶ್ನೆ: ನಮ್ಮಪ್ಪನ ಕಾಲದ ಕರೀ ಸೈಕಲ್ ಐತಿ. 24 ಇಂಚಿನ ಫ್ರೇಮು, ರಾಡ್ ಬ್ರೇಕು. ನಾಲ್ಕು ವರ್ಷದಿಂದ ದನದ ಕೊಟ್ಟಿಗೆಯಲ್ಲಿ ಒರಗಿಸಿಟ್ಟಿದ್ದೆವು. ಈಗ ಹೊಲಕ್ಕೆ ಹೋಗಿ ಬರಲು ಬೇಕಾಗಿದೆ, ದಿನಕ್ಕೆ 9 ಕಿ.ಮೀ. ಅಂಗಡಿಯವರು ಬರೆದುಕೊಟ್ಟ ಚೀಟಿ: ಎರಡು ಟೈರು 800, ಎರಡು ಟ್ಯೂಬು 260, ಚೈನು 180, ಫ್ರೀವೀಲು 150, ಪೆಡಲ್ ಎಕ್ಸೆಲ್ಲಿನ ಬಿ.ಬಿ. ಸೆಟ್ಟು 160, ಕಾಟರ್ ಪಿನ್ನು 40, ಗಾಲಿ ನಡುವಿನ ಹಬ್ಬಿನ ಕೋನು ಮತ್ತು ಬಾಲ್ಸು 150, ಬ್ರೇಕ್ ರಬ್ಬರು 60, ಹಿಂದಿನ ರಿಮ್ಮು 450, ಅದರ ಕಡ್ಡಿ 200, ಪೆಡಲು 150, ಸೀಟು 350, ಕೂಲಿ 700. ಒಟ್ಟು 3,650 ರೂಪಾಯಿ. ಇದೇ ಮಾದರಿಯ ಹೊಸದಕ್ಕೆ 6,800 ಅಂತಾರೆ. ಮನೆಯಲ್ಲಿ ಅರ್ಧ ಮಂದಿ ಗುಜರಿಗೆ ಹಾಕು ಅಂತಿದ್ದಾರೆ. ಏನು ಮಾಡಲಿ?
(ರೈತರು, ಸಿರುಗುಪ್ಪ)

ಉತ್ತರ: ಚೀಟಿ ಆಮೇಲೆ ನೋಡೋಣ. ಮೊದಲು ಚೀಟಿಯಲ್ಲಿ ಹೆಸರೇ ಬರದ ಎರಡನ್ನು ನೋಡಿ: ಫ್ರೇಮು ಮತ್ತು ಮುಂದಿನ ಗಾಲಿ ಹಿಡಿದ ಫೋರ್ಕು. ಸೈಕಲ್ಲಿನಲ್ಲಿ ತಿರುಗುವುದೆಲ್ಲ ಸವೆಯುತ್ತದೆ, ಸವೆದದ್ದಕ್ಕೆಲ್ಲ ಬದಲಿ ಸಿಗುತ್ತದೆ. ಈ ಕರೀ ಸೈಕಲ್ಲಿನ ಅಳತೆಗಳು ದಶಕಗಳಿಂದ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಬಾಲ್ಸು ಓಡುವ ಕಪ್ಪು (ಬಟ್ಟಲು), ಕೋನು (ಶಂಕು), ಎಕ್ಸೆಲ್ಲು ತಾಲ್ಲೂಕು ಅಂಗಡಿಯಲ್ಲೇ ದೊರೆಯುತ್ತವೆ. ಫ್ರೇಮು ಹೋದರೆ ಮಾತ್ರ ಉಳಿದದ್ದಕ್ಕೆ ಹಾಕಿದ ದುಡ್ಡೆಲ್ಲ ನೀರುಪಾಲು. ಹಾಗಾಗಿ ಮುಂಗಡ ಕೊಡುವ ಮೊದಲು ಮನೆಯಲ್ಲೇ ಅರ್ಧ ಗಂಟೆ ಕೂತು ಇಷ್ಟು ಮಾಡಿ.

ಹ್ಯಾಂಡಲ್ಲಿನ ಕೆಳಗೆ ಮೇಲಿನ ಪೈಪು, ಕೆಳಗಿನ ಪೈಪು ಬಂದು ಸೇರುವ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆ ಇಲ್ಲದಿದ್ದರೆ ಡೀಸೆಲ್ಲೂ ನಡೆದೀತು. ಈಗ ಕೆಳಗಿನ ಪೈಪಿನ ತಳಭಾಗವನ್ನು, ಕೀಲಿನಿಂದ ನಾಲ್ಕು ಬೆರಳು ಹಿಂದಕ್ಕೆ, ಬೆರಳಿನಿಂದ ಸವರಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ, ಪೈಪು ಸಣ್ಣಗೆ ಉಬ್ಬಿದ್ದರೆ, ಹಿಂದೆಂದೋ ಗಾಡಿಗೋ ಗುಂಡಿಗೋ ಎದುರುಬದುರು ಗುದ್ದಿದೆ ಎಂದರ್ಥ. ಅಂಥ ಫ್ರೇಮು ಖಾಲಿ ಸವಾರಿಯಲ್ಲಿ ಏನೂ ತೋರಿಸುವುದಿಲ್ಲ. ಕ್ಯಾರಿಯರ್ ಮೇಲೆ 50 ಕೆ.ಜಿ. ಗೊಬ್ಬರದ ಚೀಲ ಬಿದ್ದ ದಿನ ಬಾಯಿ ಬಿಡುತ್ತದೆ.

ಆಮೇಲೆ ಮೂರು ಮೀಟರ್ ದಾರ ತಗೊಳ್ಳಿ. ಹಿಂದಿನ ಎಕ್ಸೆಲ್ ಕೂರುವ ಎಡ ತುದಿಗೆ ಕಟ್ಟಿ, ಮುಂದಕ್ಕೆ ಒಯ್ದು ಹ್ಯಾಂಡಲ್ ಕೆಳಗಿನ ಪೈಪನ್ನು ಬಳಸಿ, ವಾಪಸು ತಂದು ಬಲ ತುದಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೆಳಗಿನ ನೇರ ಪೈಪಿಗೂ ದಾರಕ್ಕೂ ಇರುವ ಸಂದನ್ನು ಎರಡೂ ಕಡೆ ಸ್ಕೇಲಿನಿಂದ ಅಳೆಯಿರಿ. 3 ಮಿ.ಮೀ. ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 6 ಮಿ.ಮೀ. ದಾಟಿದರೆ ಹಿಂಭಾಗ ತಿರುಚಿದೆ. ಹಿಂದಿನ ಗಾಲಿ ಎಷ್ಟು ಸಲ ನೆಟ್ಟಗೆ ಕೂರಿಸಿದರೂ ಚೈನು ಕಳಚುತ್ತಿತ್ತು ಎಂಬ ನೆನಪಿದ್ದರೆ ಕಾರಣ ಇದೇ ಇರಬಹುದು.

ಮೂರನೆಯದು ತುಕ್ಕು. ಹೊರಗೆ ಕಾಣುವ ತುಕ್ಕಿಗೆ ಹೆದರಬೇಕಿಲ್ಲ, ಅದು ಉಜ್ಜಿದರೆ ಹೋಗುತ್ತದೆ. ಸೀಟಿನ ಪೈಪಿನ ಬಾಯಿಂದ ಇಳಿದ ನೀರು ಕೊನೆಗೆ ಬಂದು ನಿಲ್ಲುವುದು ಪೆಡಲ್ ಎಕ್ಸೆಲ್ ಇರುವ ಬಿ.ಬಿ. ಡಬ್ಬಿಯಲ್ಲಿ, ತಿನ್ನುವುದು ಅಲ್ಲಿಂದಲೇ ಶುರು. ನಿಮ್ಮದು ಕೊಟ್ಟಿಗೆಯಲ್ಲಿತ್ತು ಬೇರೆ. ಗಂಜಲ ಬಿದ್ದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಸೀಟು ಕಿತ್ತು ಸೈಕಲ್ಲನ್ನು ತಲೆಕೆಳಗಾಗಿಸಿ ಪೈಪನ್ನು ತಟ್ಟಿ. ಚಿಟಿಕೆ ಪುಡಿ ಬಿದ್ದರೆ ಸಹಜ. ಮುಷ್ಟಿ ತುಂಬ ಪದರ ಪದರವಾಗಿ ಉದುರಿದರೆ ಡಬ್ಬಿಯ ಸುತ್ತ, ಹಿಂದಿನ ಪೈಪುಗಳ ಬುಡದಲ್ಲಿ, ಸ್ಕ್ರೂ ಡ್ರೈವರ್ ಮೊನೆಯಿಂದ ಒತ್ತಿ ನೋಡಿ. ಮೊನೆ ಒಳಗೆ ಇಳಿದರೆ ಮನೆಯವರ ಮಾತೇ ಸರಿ, ಗುಜರಿ. ಫೋರ್ಕನ್ನು ಪಕ್ಕದಿಂದ ನಿಂತು ನೋಡಿ: ಅದರ ಕಾಲುಗಳು ಹ್ಯಾಂಡಲ್ ಪೈಪಿನ ನೇರದಲ್ಲೇ ಇಳಿದು, ಕೊನೆಯಲ್ಲಿ ಮಾತ್ರ ಮುಂದಕ್ಕೆ ಬಾಗಿರಬೇಕು. ಮೇಲಿನಿಂದಲೇ ಹಿಂದಕ್ಕೆ ವಾಲಿದ್ದರೆ ಫೋರ್ಕು ಬದಲಿಸಬೇಕು, ಬಡಿದು ನೆಟ್ಟಗೆ ಮಾಡಿಸಬೇಡಿ.

ಇವೆಲ್ಲ ಪಾಸಾದರೆ ಚೀಟಿಗೆ ಬನ್ನಿ.

ಸೀಟು 350 ಈಗ ಬೇಡ. ಸ್ಪ್ರಿಂಗು, ಕ್ಲಿಪ್ಪು ಗಟ್ಟಿಯಿದ್ದರೆ ಮೇಲೊಂದು ಕವರು ಸಾಕು. ಹಿಂದಿನ ರಿಮ್ಮು ನಿಜಕ್ಕೂ ಹೋಗಿದೆಯೇ ಎಂದು ಟೈರು, ಪಟ್ಟಿ ಬಿಚ್ಚಿಸಿ ನೀವೇ ನೋಡಿ. ಕಡ್ಡಿ ತೂತುಗಳ ಸುತ್ತ ಸೀಳಿದ್ದರೆ, ಮೊಳೆ ಒತ್ತಿದಾಗ ಒಳಗೆ ಇಳಿದರೆ ಬದಲಿಸಿ. ಬರೀ ಬೆಂಡಾಗಿದ್ದರೆ ಬೆಂಡು ತೆಗೆಸಿದರೆ ಆಯಿತು. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕಕ್ಕಲ್ಲ, ಹೊಟ್ಟೆಗೆ ಒತ್ತುವುದರಿಂದ ಗಾಲಿ ಅತ್ತಿತ್ತ 4 ಮಿ.ಮೀ. ಆಡಿದರೂ ನಡೆಯುತ್ತದೆ. ಮೇಲೆ ಕೆಳಗೆ ಎಗರಿದರೆ ನಡೆಯುವುದಿಲ್ಲ, ಬ್ರೇಕು ಒಂದೆಡೆ ಕಚ್ಚಿ ಒಂದೆಡೆ ಜಾರುತ್ತದೆ. ಬೆಂಡು ತೆಗೆಯುವವರಿಗೆ ಇದನ್ನು ಹೇಳಿಯೇ ಕೊಡಿ. ಇಂಥ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಕಡ್ಡಿ. ಹಿಂದೆ ಒಂದರ ಹಿಂದೊಂದು ಮೂರ್ನಾಲ್ಕು ಮುರಿದಿದ್ದರೆ ಉಳಿದವೂ ದಣಿದಿವೆ, ಆಗ 40ನ್ನೂ ಒಟ್ಟಿಗೇ ಹಾಕಿಸಿ.

ಚೈನು, ಫ್ರೀವೀಲು ಜೋಡಿ. ಚೀಟಿಯಲ್ಲಿ ಎರಡನ್ನೂ ಬರೆದಿರುವುದು ಸರಿಯಾಗಿದೆ. ಹಳೇ ಫ್ರೀವೀಲಿನ ಹಲ್ಲು ಕೊಕ್ಕೆಯಂತೆ ಸವೆದಿರುತ್ತದೆ, ಅದರ ಮೇಲೆ ಹೊಸ ಚೈನು ಹಾಕಿದರೆ ಏರು ತುಳಿಯುವಾಗ ಟಕ್ಕೆಂದು ಜಾರುತ್ತದೆ. ಪೆಡಲ್ ಬಳಿಯ ಹಲ್ಲಿನ ಚಕ್ರ ನಿಧಾನ ಸವೆಯುವುದರಿಂದ ಅದು ಸಾಮಾನ್ಯವಾಗಿ ಉಳಿಯುತ್ತದೆ.

ಬಿ.ಬಿ. ಕೆಲಸ ನಿಮ್ಮೆದುರೇ ಆಗಲಿ. ಬಿಡಿ ಬಾಲ್ಸಾದರೆ ಕಾಲಿಂಚಿನವು, ಒಂದೊಂದು ಕಡೆ 11. ಹಿಂದಿನ ಹಬ್ಬಿಗೆ ಅದೇ ಕಾಲಿಂಚು, ಕಡೆಗೆ 9. ಮುಂದಿನ ಹಬ್ಬಿಗೆ 3/16 ಇಂಚು, ಕಡೆಗೆ 10. ನಾಲ್ಕು ಹಳೇದು, ಏಳು ಹೊಸದು ಎಂದು ಬೆರೆಸಿದರೆ ಭಾರವೆಲ್ಲ ದಪ್ಪಗಿರುವ ಹೊಸದರ ಮೇಲೇ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ, ಹಾಕಿದರೆ ಎಲ್ಲವೂ ಹೊಸದು. ಕೋನು ಬದಲಿಸಬೇಕೋ ಬೇಡವೋ ಎನ್ನುವುದಕ್ಕೆ ಬಾಲ್‌ಪೆನ್ನಿನ ಮೊನೆ ಸಾಕು: ಗುಂಡು ಓಡುವ ದಾರಿಯಲ್ಲಿ ಮೊನೆಯನ್ನು ಎಳೆಯಿರಿ, ಎಲ್ಲಾದರೂ ತಡವರಿಸಿದರೆ ಅಲ್ಲಿ ಗುಳಿಯಿದೆ. ಚೈನಿನ ಕಡೆಯ ಕಪ್ಪು ಎಡ ಮರೆಯದ್ದು (ಉಲ್ಟಾ ಥ್ರೆಡ್ಡು, ಬಿಗಿಯುವುದು ಎಡಕ್ಕೆ), ಎಡ ಪೆಡಲೂ ಹಾಗೇ. ಅವಸರದಲ್ಲಿ ಉಲ್ಟಾ ತಿರುಗಿಸಿದರೆ ಡಬ್ಬಿಯ ಮರೆಯೇ ಸವೆದುಹೋಗುತ್ತದೆ. ಆಮೇಲೆ ಯಾವ ಕಪ್ಪೂ ನಿಲ್ಲುವುದಿಲ್ಲ.

ಕ್ರ್ಯಾಂಕನ್ನು, ಅಂದರೆ ಪೆಡಲ್ ಕೂತ ಕೋಲನ್ನು, ಎಕ್ಸೆಲ್ಲಿಗೆ ಹಿಡಿದಿಡುವ ಕಾಟರ್ ಪಿನ್ನಿನಲ್ಲೇ ಹೆಚ್ಚಿನ ಕಡೆ ಕೆಲಸ ಕೆಡುವುದು. ಪಿನ್ನು ಬಡಿಯುವಾಗ ಕ್ರ್ಯಾಂಕಿನ ಕೆಳಗೆ ದಪ್ಪ ಪೈಪೋ ಮರದ ತುಂಡೋ ನೆಲಕ್ಕೆ ಊರಿರಬೇಕು. ಆಧಾರವಿಲ್ಲದೆ ಸುತ್ತಿಗೆ ಹಾಕಿದರೆ ಪೆಟ್ಟು ಹೊಸ ಬಾಲ್ಸಿಗೆ ತಗಲಿ ಕಪ್ಪಿನಲ್ಲಿ ಗುಳಿ ಮೂಡುತ್ತದೆ. ಎರಡೂ ಪಿನ್ನುಗಳ ನಟ್ಟು ಎದುರುಬದುರು ದಿಕ್ಕಿಗಿರಬೇಕು, ಒಂದೇ ದಿಕ್ಕಿಗಿದ್ದರೆ ಎರಡು ಪೆಡಲು ಒಂದೇ ಗೆರೆಯಲ್ಲಿ ಬರುವುದಿಲ್ಲ, ಕುಂಟುತ್ತವೆ. ಒಂದು ವಾರ ತುಳಿದ ಮೇಲೆ ನಟ್ಟು ಮತ್ತೊಮ್ಮೆ ಬಿಗಿಸಿ. ನಟ್ಟಿನಿಂದಲೇ ಪಿನ್ನನ್ನು ಎಳೆಯಲು ಹೋಗಬೇಡಿ, ಮರೆ ಹರಿಯುತ್ತದೆ. ಪಿನ್ನು ಕೂರುವುದು ಪೆಟ್ಟಿನಿಂದ, ನಟ್ಟು ಅದನ್ನು ಹಿಡಿದಿಡಲು ಮಾತ್ರ.

ಈಗ ಲೆಕ್ಕ: ಸೀಟು ಬಿಟ್ಟರೆ 3,300. ರಿಮ್ಮು, ಕಡ್ಡಿ ಉಳಿದರೆ 2,650. ಹೊಸದರ ಅರ್ಧ 3,400. ಫ್ರೇಮು ಗಟ್ಟಿಯಿದ್ದು ಖರ್ಚು ಅರ್ಧದ ಒಳಗಿದ್ದರೆ ಮಾಡಿಸಿ ಎನ್ನುತ್ತೇವೆ. ನಿಮ್ಮ ಚೀಟಿಯಲ್ಲಿ ತಿರುಗುವ ಭಾಗಗಳಲ್ಲಿ ಹೆಚ್ಚಿನವು ಹೊಸದಾಗುತ್ತಿವೆ. 3,300ಕ್ಕೆ ಸಿಗುವುದು ಹೊಸ ಸೈಕಲ್ಲಿನಷ್ಟೇ ಕೆಲಸ ಮಾಡುವ ಗಾಡಿ. ಟೈರು, ಟ್ಯೂಬು ಮಾತ್ರ ಕೊನೆಗೆ ಕೊಳ್ಳಿ. ಮೊದಲೇ ಕೊಂಡು, ಆಮೇಲೆ ಬಿಚ್ಚಿದಾಗ ಡಬ್ಬಿ ತೂತು ಎಂದು ಗೊತ್ತಾದರೆ 1,060 ರೂಪಾಯಿ ಕೈಯಲ್ಲಿ ಹಿಡಿದು ನಿಲ್ಲಬೇಕಾಗುತ್ತದೆ. ನಿಮ್ಮದು ಎರೆ ಹೊಲವಾದರೆ ಮಡ್‌ಗಾರ್ಡನ್ನು ಟೈರಿನಿಂದ ಎರಡು ಬೆರಳು ಎತ್ತರಕ್ಕೆ ಕಟ್ಟಿಸಿ, ಇಲ್ಲದಿದ್ದರೆ ಮೊದಲ ಮಳೆಗೇ ಮಣ್ಣು ಮೆತ್ತಿಕೊಂಡು ಗಾಲಿ ಹೊತ್ತು ನಡೆಯಬೇಕಾದೀತು.

ಪ್ರಶ್ನೆ: ಐದು ವರ್ಷದ ಕೆಳಗೆ 9,500 ಕೊಟ್ಟು ತಂದ ಗೇರ್ ಸೈಕಲ್. 26 ಇಂಚು, ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್. ಡ್ಯೂಟಿಗೆ ದಿನಾ 12 ಕಿ.ಮೀ. ತುಳಿಯುತ್ತೇನೆ. ಗೇರು ತಾನಾಗಿ ಹಾರುತ್ತದೆ. ಚೈನು, ಫ್ರೀವೀಲು, ಡಿರೇಲರ್, ಗೇರ್ ಶಿಫ್ಟರ್ ಎಲ್ಲ ಸೇರಿ 2,700 ಅಂತಾರೆ.
(ಕಾರ್ಮಿಕರು, ದೇವಸೂಗೂರು)

ಉತ್ತರ: ನಿಮಗೆ ಅರ್ಧದ ಲೆಕ್ಕ ಹೇಳುವುದಿಲ್ಲ, ಏಕೆಂದರೆ ಈ ಮಾದರಿಯಲ್ಲಿ ಮೊದಲು ಸೋಲುವುದು ಗೇರಲ್ಲ, ಹಿಂದಿನ ಕೀಲು. ಸೈಕಲ್ಲನ್ನು ನಿಲ್ಲಿಸಿ, ಒಂದು ಕೈಯಲ್ಲಿ ಸೀಟು ಹಿಡಿದು, ಇನ್ನೊಂದರಲ್ಲಿ ಹಿಂದಿನ ಗಾಲಿಯ ಮೇಲ್ಭಾಗವನ್ನು ಅತ್ತಿತ್ತ ಅಲುಗಿಸಿ. ಕಟ ಕಟ ಎಂದು ಆಡಿದರೆ ಅದು ಹಬ್ಬಿನದೋ, ಫ್ರೇಮಿನ ಮಧ್ಯದ ಕೀಲಿನದೋ ನೋಡಿ. ಹಬ್ಬಿನದಾದರೆ ಕೋನು ಬಿಗಿಸಿದರೆ ನಿಲ್ಲುತ್ತದೆ. ಕೀಲಿನ ಬುಷ್ಷು ಸವೆದಿದ್ದರೆ ಅದೇ ಅಳತೆಯ ಬುಷ್ಷು ಹುಡುಕುವುದು ಕಷ್ಟ, ಲೇತಿನಲ್ಲಿ ಮಾಡಿಸಬೇಕು. ಆಗ ಗೇರಿಗೆ 2,700 ಹಾಕಬೇಡಿ.

ಕೀಲು ಬಿಗಿಯಾಗಿದ್ದರೆ ನಾಲ್ಕೂ ಸಾಮಾನು ಒಟ್ಟಿಗೆ ಬೇಕಿಲ್ಲ. ಹಿಂದೆ ನಿಂತು, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರಿನ ಎರಡು ಪುಟ್ಟ ಚಕ್ರ ನೋಡಿ, ಮೇಲಿನದು ಕೆಳಗಿನದು ಒಂದೇ ನೇರದಲ್ಲಿ ಇರಬೇಕು. ಸೈಕಲ್ಲು ಬಲಕ್ಕೆ ಬಿದ್ದಾಗ ಅದನ್ನು ಹಿಡಿದ ಕಬ್ಬಿಣದ ಪಟ್ಟಿ ಒಳಕ್ಕೆ ಬಾಗುತ್ತದೆ. ಗೇರು ಹಾರುವುದಕ್ಕೆ ತುಂಬಾ ಸಲ ಇಷ್ಟೇ ಕಾರಣ, ಪಟ್ಟಿ ನೆಟ್ಟಗೆ ಮಾಡಿ ಕೇಬಲ್ ಬದಲಿಸಿದರೆ ನೂರಿನ್ನೂರರಲ್ಲಿ ಮುಗಿಯುವ ಕೆಲಸ. ಇನ್ನು ಚೈನಿಗೆ ಸ್ಕೇಲು: ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಎಣಿಸಿ, ಹೊಸದಾದರೆ ಸರಿಯಾಗಿ 12 ಇಂಚು ಬರುತ್ತದೆ. 12 ಇಂಚಿನ ಮೇಲೆ 1/16 ಬಂದರೆ ಗೇರ್ ಚೈನು ಬದಲಿಸುವ ಹೊತ್ತು. 1/8 ಬಂದಿದ್ದರೆ ಫ್ರೀವೀಲನ್ನೂ ತಿಂದಿರುತ್ತದೆ. (ಗೇರಿಲ್ಲದ ಸೈಕಲ್ಲಿಗೆ 1/8 ತನಕ ತಳ್ಳಬಹುದು.) ಕೊಳ್ಳುವಾಗ ಚೈನು 3/32 ಇಂಚಿನದೇ ಎಂದು ಕೇಳಿ. ಕರೀ ಸೈಕಲ್ಲಿನ 1/8 ಇಂಚಿನ ಅಗಲ ಚೈನು ಕೂರುವಂತೆ ಕಂಡರೂ ಪಕ್ಕದ ಹಲ್ಲಿಗೆ ಉಜ್ಜುತ್ತದೆ.

ಗೇರು ಕಿತ್ತು ಸಿಂಗಲ್ ಮಾಡಿಕೊಡುತ್ತೇವೆ ಎಂದು ಕೆಲವು ಕಡೆ ಹೇಳುತ್ತಾರೆ. ಹಿಂದೆ ಸಸ್ಪೆನ್ಷನ್ ಇರುವ ಫ್ರೇಮಿನಲ್ಲಿ ಗುಂಡಿ ಹಾರಿದಾಗಲೆಲ್ಲ ಚೈನಿಗೆ ಬೇಕಾದ ಉದ್ದ ಬದಲಾಗುತ್ತದೆ, ಸಡಿಲ ಬಿದ್ದ ಚೈನನ್ನು ಎಳೆದು ಹಿಡಿಯುವ ಟೆನ್ಷನರ್ ಇಲ್ಲದೆ ಚೈನು ನಿಲ್ಲುವುದಿಲ್ಲ. ಮುಂದಿನ ಸಲ ಕೊಳ್ಳುವಾಗ ಹಿಂದಿನ ಸಸ್ಪೆನ್ಷನ್ ಇಲ್ಲದ್ದನ್ನೇ ತನ್ನಿ. ಈ ಬೆಲೆಯಲ್ಲಿ ಬರುವ ಸ್ಪ್ರಿಂಗು ತೂಕ ಏರಿಸಿ, ನೀವು ತುಳಿದ ಬಲವನ್ನು ಒಂದಿಷ್ಟು ತಾನೇ ನುಂಗುವುದಕ್ಕೆ ಮಾತ್ರ ಚೆನ್ನ.

ಪ್ರಶ್ನೆ: ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರದಿಂದ ಬಂದ ಸೈಕಲ್ ಈಗ ಮಗನಿಗೆ ಬೇಕು. 26ರ ಟೈರು ತಂದರೆ ರಿಮ್ಮಿಗೆ ಕೂರುತ್ತಿಲ್ಲ. ರಿಮ್ಮೇ ಸರಿ ಇಲ್ಲ, ಹೊಸ ಸೈಕಲ್ ತಗೊಳ್ಳಿ ಎಂದರು.
(ಗೃಹಿಣಿ, ಕುಷ್ಟಗಿ)

ಉತ್ತರ: ರಿಮ್ಮು ಸರಿಯಾಗೇ ಇರಬಹುದು, ತಂದ ಟೈರು ಬೇರೆಯದು. ಈ 26 ಎಂಬ ಅಂಕಿಯಷ್ಟು ಜನರನ್ನು ತಿರುಗಾಡಿಸಿದ್ದು ಸೈಕಲ್ಲಿನಲ್ಲಿ ಇನ್ನೊಂದಿಲ್ಲ. 26 × 1⅜ ಟೈರು 590 ಮಿ.ಮೀ. ರಿಮ್ಮಿನದು. 26 × 1½ ಎಂದರೆ 584. ದಪ್ಪ ಬಟನ್ ಟೈರು, 26 × 1.95 ಅಥವಾ 2.10, ಎಂದರೆ 559. ಮೂರಕ್ಕೂ ಹೆಸರು 26 ಇಂಚೇ. ಹಳೇ ಟೈರನ್ನು ಬಿಸಾಡಿಲ್ಲ ತಾನೆ? ಅದರ ಪಕ್ಕವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ 37-590 ಎಂಬಂಥ ಜೋಡಿ ಅಂಕಿ ಕಾಣುತ್ತದೆ, ಎರಡನೆಯ ಅಂಕಿ ಒಂದೇ ಆಗಿರುವ ಟೈರು ತನ್ನಿ. ಅಳಿಸಿಹೋಗಿದ್ದರೆ ಗಾಲಿಯನ್ನೇ ಬಿಚ್ಚಿ ಅಂಗಡಿಗೆ ಒಯ್ಯಿರಿ. 590ರ ರಿಮ್ಮಿಗೆ 584ರ ಟೈರನ್ನು ಸ್ಕ್ರೂ ಡ್ರೈವರ್ ಹಾಕಿ ಮೀಟಿ ಕೂರಿಸಲು ಬಿಡಬೇಡಿ, ಅಂಚಿನ ತಂತಿ ಹಿಗ್ಗಿ ಯಾವತ್ತೋ ಒಂದು ದಿನ ಬಿಸಿಲಿಗೆ ಟ್ಯೂಬು ಹೊರಗೆ ಬಂದು ಸಿಡಿಯುತ್ತದೆ.

ಎಂಟನೇ ತರಗತಿಯ ಸೈಕಲ್ ಯೋಜನೆ ಶುರುವಾದದ್ದು 2006-07ರಲ್ಲಿ. ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಮೂಲೆ ಸೇರಿದ ಇಂಥ ಸೈಕಲ್ಲುಗಳು ಬೇಕಾದಷ್ಟಿವೆ. ಬಹಳಷ್ಟು ಕಡಿಮೆ ತುಳಿದವೇ. ಟೈರು, ಟ್ಯೂಬು, ಬ್ರೇಕ್ ರಬ್ಬರು ಒಣಗಿರುತ್ತವೆ, ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ, ಅಷ್ಟೇ. ಹಬ್ಬು ಬಿಚ್ಚಿ ತೊಳೆದು ಹೊಸ ಗ್ರೀಸು ಹಾಕದೆ ತುಳಿಯಲು ಕೊಡಬೇಡಿ. ಮಗ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿಗೆ ಇಟ್ಟಾಗ ಕಾಲು ನೆಟ್ಟಗಾಗಬೇಕು, ಅದೇ ಸರಿಯಾದ ಎತ್ತರ. ಸೀಟಿನ ಪೈಪು ಫ್ರೇಮಿನೊಳಗೆ ಕನಿಷ್ಠ ಎರಡೂವರೆ ಇಂಚು ಉಳಿದಿರಲಿ.

ಪ್ರಶ್ನೆ: ತಿಂಗಳಿಗೆ ನಾಲ್ಕು ಪಂಚರು. ಪಂಚರ್ ಇಲ್ಲದ ದಿನವೂ ಬೆಳಗಾಗುವಷ್ಟರಲ್ಲಿ ಗಾಳಿ ಇಳಿದಿರುತ್ತದೆ. ಸೈಕಲ್ಲೇ ಬದಲಿಸುವುದು ಒಳ್ಳೆಯದೇ?
(ವಿದ್ಯಾರ್ಥಿ, ಮಾನ್ವಿ)

ಉತ್ತರ: ಹೊಸ ಸೈಕಲ್ಲೂ ಅದೇ ದಾರಿಯಲ್ಲೇ ಓಡಬೇಕಲ್ಲ! ನಮ್ಮ ಮೂರೂ ಜಿಲ್ಲೆಯ ಕಾಲುವೆ ದಂಡೆ, ಬೀಳು ಹೊಲದ ತುಂಬ ಬಳ್ಳಾರಿ ಜಾಲಿ. ಊರಿನ ಹೆಸರು ಹೊತ್ತಿದ್ದರೂ ಅಮೆರಿಕ ಖಂಡದಿಂದ ಬಂದ ಗಿಡ ಅದು. ಮುಳ್ಳಿನ ಮೊನೆ ಟೈರಿನಲ್ಲಿ ಮುರಿದು ಕೂತು, ಪಂಚರ್ ಹಾಕಿದ ಜಾಗದ ಪಕ್ಕದಲ್ಲೇ ಮತ್ತೆ ಚುಚ್ಚುತ್ತದೆ. ನಾಲ್ಕು ಪಂಚರಿನಲ್ಲಿ ಎರಡು ಒಂದೇ ಮುಳ್ಳಿನವು ಇರಬಹುದು. ಟ್ಯೂಬು ತೆಗೆದಾಗ ಟೈರಿನ ಒಳಮೈಯಲ್ಲಿ ಹತ್ತಿಯ ಉಂಡೆಯನ್ನು ಮೆಲ್ಲಗೆ ಸುತ್ತ ಎಳೆಯಿರಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮೊನೆಯಿದೆ. ಹೊರಗಿನಿಂದ ಮುಳ್ಳು ತೆಗೆಯುವ ಚಿಮಟದಲ್ಲಿ ಕೀಳಿ, ಬೆರಳಿನಿಂದ ಮಾತ್ರ ಹುಡುಕಬೇಡಿ.

ತೂತು ಟ್ಯೂಬಿನ ಒಳಗಡೆ, ಅಂದರೆ ರಿಮ್ಮಿನ ಕಡೆ ಇದ್ದರೆ ಮುಳ್ಳಲ್ಲ, ಕಡ್ಡಿಯ ತಲೆ. ರಿಮ್ ಪಟ್ಟಿ ಹರಿದಿರುತ್ತದೆ, ಅದನ್ನು ಬದಲಿಸಿ ಉಬ್ಬಿದ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿಸಿ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಇದ್ದರೆ ಗಾಳಿ ಕಡಿಮೆಯಿದ್ದಾಗ ಗುಂಡಿಗೆ ಇಳಿಸಿದ್ದೀರಿ.

ರಾತ್ರಿ ಇಳಿಯುವ ಗಾಳಿ ಬೇರೆ ವಿಷಯ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿ, ಗುಳ್ಳೆ ಬಂದರೆ ಒಳಗಿನ ರಬ್ಬರಿನ ವಾಲ್ವ್ ಟ್ಯೂಬು ಒಣಗಿದೆ. ರಾಯಚೂರಿನ ಬಿಸಿಲಿಗೆ ಅದು ಬೇಗ ಸೀಳುತ್ತದೆ. ಒಂದೆರಡು ರೂಪಾಯಿಯ ಸಾಮಾನು, ನಾಲ್ಕು ತುಂಡು ಜೇಬಿನಲ್ಲಿರಲಿ. ಹಳೇ ಟ್ಯೂಬನ್ನು ಕತ್ತರಿಸಿ ಟೈರಿನೊಳಗೆ ಹಾಸುವುದು ಒಳ್ಳೆಯ ಉಪಾಯವೇ, ಆದರೆ ಅಂಚುಗಳನ್ನು ಓರೆಯಾಗಿ ಕತ್ತರಿಸಿ ಪೌಡರ್ ಹಾಕಿ. ನೇರ ಅಂಚು ತಾನೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಟೈರಿನ ಪಕ್ಕದಲ್ಲಿ ನೂಲು ಕಾಣುತ್ತಿದ್ದರೆ ಮಾತ್ರ ಟೈರು ಬದಲಿಸಿ.

ಪ್ರಶ್ನೆ: ತಾತನ ರಾಡ್ ಬ್ರೇಕ್ ಸೈಕಲ್ಲಿಗೆ ಎಲೆಕ್ಟ್ರಿಕ್ ಮೋಟಾರ್ ಕಿಟ್ ಹಾಕಿಸಬಹುದೇ? ಮುಂದಿನ ಗಾಲಿಗೆ ಕೂರುವಂಥದ್ದು ನೋಡಿದ್ದೇನೆ.
(ಐಟಿಐ ವಿದ್ಯಾರ್ಥಿ, ಗಂಗಾವತಿ)

ಉತ್ತರ: ಬೇಡ. ಕರೀ ಸೈಕಲ್ಲಿನ ಮುಂದಿನ ರಿಮ್ಮಿಗೆ 32 ತೂತು, ಹಬ್ ಮೋಟಾರುಗಳಿಗೆ ಸಾಮಾನ್ಯವಾಗಿ 36. ರಿಮ್ಮು ಬದಲಾಯಿಸಿದರೆ ರಾಡ್ ಬ್ರೇಕಿನ ರಬ್ಬರಿಗೆ ಒತ್ತಲು ಜಾಗವೇ ಇರುವುದಿಲ್ಲ. ಮೋಟಾರಿನ ಎಕ್ಸೆಲ್ ದಪ್ಪ, ಅದಕ್ಕಾಗಿ ಫೋರ್ಕಿನ ಸಂದನ್ನು ಅರ ಹಾಕಿ ಅಗಲ ಮಾಡಬೇಕು. ಮೋಟಾರಿನ ತಿರುಚು ಬಲವೆಲ್ಲ ಬೀಳುವುದು ಹಾಗೆ ತೆಳುವಾದ ಅದೇ ತುದಿಗೆ. ಇನ್ನು ಮಳೆಯಲ್ಲಿ ನೆನೆದ ಕಬ್ಬಿಣದ ರಿಮ್ಮಿನ ಮೇಲೆ ರಬ್ಬರು ಎಷ್ಟು ಜಾರುತ್ತದೆ ಎಂದು ತಾತನನ್ನೇ ಕೇಳಿ.

ಬೇಕೇ ಬೇಕು ಎಂದರೆ ಡಿಸ್ಕ್ ಅಥವಾ (ರಿಮ್ಮನ್ನು ಎರಡು ಪಕ್ಕದಿಂದ ಹಿಡಿಯುವ) ಗಟ್ಟಿ ಕ್ಯಾಲಿಪರ್ ಬ್ರೇಕಿರುವ ಸೈಕಲ್ಲಿನ ಹಿಂದಿನ ಗಾಲಿಗೆ ಹಾಕಿಸಿ. ಮೋಟಾರಿನ 30 ನಿಮಿಷದ ಪವರ್ (ಅಷ್ಟು ಹೊತ್ತು ಸತತ ಕೊಡಬಲ್ಲ ಶಕ್ತಿ) 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದೆ ಇದ್ದು, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಮಾದರಿಯಾದರೆ ಕಾನೂನು ಅದನ್ನು ಮೋಟಾರು ವಾಹನ ಎಂದು ಎಣಿಸುವುದಿಲ್ಲ. ಲಿಥಿಯಂ ಬ್ಯಾಟರಿಯನ್ನು ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ನೆರಳಲ್ಲಿ ತಣ್ಣಗಾಗಲಿ.

ಪ್ರಶ್ನೆ: ಅದಿರು ಲಾರಿಗಳ ದಾರಿ ನಮ್ಮದು. ಚೈನಿಗೆ ವಾರ ವಾರ ಎಣ್ಣೆ ಬಿಟ್ಟರೂ ವರ್ಷದೊಳಗೆ ಸವೆದುಹೋಗುತ್ತದೆ.
(ಓದುಗರು, ಸಂಡೂರು)

ಉತ್ತರ: ಎಣ್ಣೆ ಬಿಟ್ಟದ್ದಕ್ಕೇ ಸವೆಯುತ್ತಿದೆ! ಕೆಂಪು ಧೂಳು ಎಣ್ಣೆಗೆ ಕೂಡಿದರೆ ಅದು ಸಾಣೆ ಹಿಡಿಯುವ ಪೇಸ್ಟು. ಗ್ಯಾರೇಜಿನ ಸುಟ್ಟ ಆಯಿಲ್ ಬಿಡುತ್ತಿದ್ದರೆ ಇನ್ನೂ ಕೆಟ್ಟದ್ದು, ಅದರಲ್ಲಿ ಎಂಜಿನ್ನಿನ ಲೋಹದ ಪುಡಿಯೂ ಇರುತ್ತದೆ. ತಿಂಗಳಿಗೊಮ್ಮೆ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ಅಲುಗಿಸಿ ತೊಳೆದು ಒಣಗಿಸಿ, ಪ್ರತಿ ರೋಲರಿಗೆ ಒಂದೇ ಹನಿ ಎಣ್ಣೆ ಬಿಟ್ಟು, ಹತ್ತು ನಿಮಿಷದ ಮೇಲೆ ಹೊರಗಿನದನ್ನೆಲ್ಲ ಒರೆಸಿಬಿಡಿ. ಮುಟ್ಟಿದರೆ ಬೆರಳಿಗೆ ಹತ್ತಬಾರದು. ಚೈನಿಗೆ ಗ್ರೀಸು ಬೇಡ, ಫ್ರೀವೀಲಿಗಂತೂ ಬೇಡವೇ ಬೇಡ, ಒಳಗಿನ ಬೆಕ್ಕಿನುಗುರಿನಂಥ ಕಡ್ಡಿಗಳು ಅಂಟಿಕೊಂಡು ಪೆಡಲು ಖಾಲಿ ತಿರುಗುತ್ತದೆ. ಅದಕ್ಕೆ ತೆಳು ಎಣ್ಣೆ ಎರಡು ಹನಿ ಸಾಕು. ನಡುವೆ ಒತ್ತಿದರೆ ಚೈನು ಅರ್ಧ ಇಂಚು ಆಡಬೇಕು. ಬಿಗಿ ಹೆಚ್ಚಾದರೂ ಸವೆತ ಹೆಚ್ಚು.

ಪ್ರಶ್ನೆ: ಪೆಡಲ್ ಎಕ್ಸೆಲ್ ಹತ್ತಿರ ಫ್ರೇಮು ಸೀಳಿದೆ. ವೆಲ್ಡಿಂಗಿಗೆ 200 ಅಂತಾರೆ.
(ಓದುಗರು, ಕಂಪ್ಲಿ)

ಉತ್ತರ: ಹಿಂದಿನ ಸಣ್ಣ ಪೈಪಿನಲ್ಲಿ ಸೀಳಿದ್ದರೆ ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕಿಸಿ ನೋಡಬಹುದು, ಫ್ರೇಮಿನ ಕೀಲುಗಳನ್ನು ಮೊದಲು ಸೇರಿಸಿದ್ದೂ ಹಾಗೆಯೇ. ಗೇಟು ಕಿಟಕಿ ಮಾಡುವ ಕರೆಂಟ್ ವೆಲ್ಡಿಂಗು ತೆಳು ಪೈಪನ್ನು ಸುಟ್ಟು, ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಸೀಳು ಡಬ್ಬಿಯಲ್ಲೇ ಇದ್ದರೆ, ಹ್ಯಾಂಡಲ್ ಪೈಪಿನಲ್ಲಿ ಅಥವಾ ಫೋರ್ಕಿನಲ್ಲಿ ಇದ್ದರೆ 200 ಕೂಡ ದಂಡ. ಗಾಲಿ, ಸೀಟು, ಕ್ಯಾರಿಯರ್ ಬಿಚ್ಚಿಟ್ಟುಕೊಂಡು ಫ್ರೇಮು ಮಾತ್ರ ಗುಜರಿಗೆ ಕೊಡಿ.

ಪ್ರಶ್ನೆ: ಹೊಸದೇ ತರುವುದು ಎಂದು ತೀರ್ಮಾನಿಸಿದ್ದೇವೆ. ಅಂಗಡಿಯಲ್ಲಿ ಏನು ನೋಡಬೇಕು?
(ಓದುಗರು, ಸಿಂಧನೂರು)

ಉತ್ತರ: ಕಾರ್ಖಾನೆಯಿಂದ ಬಿಡಿಯಾಗಿ ಬಂದದ್ದನ್ನು ಅಂಗಡಿಯಲ್ಲಿ ಜೋಡಿಸುತ್ತಾರೆ, ಅವಸರದಲ್ಲಿ ಗ್ರೀಸು ಮರೆಯುವುದುಂಟು. ಗಾಲಿ ಎತ್ತಿ ತಿರುಗಿಸಿ ಎಕ್ಸೆಲ್ ತುದಿಗೆ ಬೆರಳಿಡಿ, ಗರಗರ ಎಂದರೆ ಬಿಚ್ಚಿ ಗ್ರೀಸು ಹಾಕಿಸಿಕೊಂಡೇ ಒಯ್ಯಿರಿ. ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ, ಒಂದು ಸಡಿಲ ಒಂದು ಬಿಗಿ ಇರಬಾರದು. ಒಂದು ತಿಂಗಳ ಮೇಲೆ ಕ್ರ್ಯಾಂಕು, ಹ್ಯಾಂಡಲು, ಕಡ್ಡಿ ಮತ್ತೊಮ್ಮೆ ಬಿಗಿಸಲೇಬೇಕು, ಅದನ್ನು ಪುಕ್ಕಟೆ ಮಾಡಿಕೊಡಲು ಈಗಲೇ ಒಪ್ಪಿಸಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ 5 ಎಂದೇ ಇದೆಯೇ ನೋಡಿ. ಅದೇ ಬಿಲ್ಲಿನ ಮೇಲೆ ಫ್ರೇಮ್ ನಂಬರನ್ನೂ ಬರೆಸಿಕೊಳ್ಳಿ. ಬಿ.ಬಿ. ಡಬ್ಬಿಯ ತಳದಲ್ಲೋ ಸೀಟಿನ ಕೆಳಗಿನ ಪೈಪಿನಲ್ಲೋ ಕೆತ್ತಿರುತ್ತದೆ. ಕಳುವಾದರೆ ಠಾಣೆಯಲ್ಲಿ ಮೊದಲು ಕೇಳುವುದು ಅದನ್ನೇ.